ಹಿನ್ನೀರಿನ ಆಚೆ ದಡದ ಮನೆಗೆ ಯಾವ ಡಿಶ್ ಹಾಕಿಸೋದು?

ಪ್ರತಿ ವರ್ಷ ಮೇ ಬಂತೆಂದರೆ ಬೆಂಗಳೂರಿನಿಂದ ನನಗೆ ಮೂರ್ನಾಲ್ಕು ಫೋನ್ ಬರುತ್ತವೆ. ಎಲ್ಲ ನಮ್ಮೂರಿನ ಹುಡುಗರೇ. ಮಾತೂ ಹೆಚ್ಚುಕಡಿಮೆ ಒಂದೇ. "ಅಣ್ಣ, ಮಳೆಗಾಲ ಶುರುವಾಗ್ತಾ ಇದೆ. ಮನೇಲಿ ಅಮ್ಮ ಒಬ್ರೇ. ಟಿವಿಗೆ ಯಾವ ಡಿಶ್ ಹಾಕಿಸಿದ್ರೆ ಒಳ್ಳೇದು?"

ನಾನು ಟಿವಿ ಮೆಕ್ಯಾನಿಕ್ ಅಲ್ಲ, ಅಡಿಕೆ ತೋಟದವನು. ಆದರೆ ಇಪ್ಪತ್ತು ವರ್ಷದಿಂದ ಅಕ್ಕಪಕ್ಕದ ಮನೆಗಳ ಮಾಡು ಹತ್ತಿ ಡಿಶ್ ತಿರುಗಿಸುತ್ತಾ ಬಂದಿದ್ದೇನೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ನಿಧಾನವಾಗಿ ಬರೆಯುತ್ತಿದ್ದೇನೆ.

ನಮ್ಮದು ಶರಾವತಿ ಹಿನ್ನೀರಿನ ಆಚೆ ದಡ. ಸಾಗರ ತಾಲ್ಲೂಕಿನ ತುಮರಿ ಸುತ್ತಮುತ್ತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಜನ ನಮ್ಮ ಸೀಮೆಯನ್ನು ದ್ವೀಪ ಅಂತಲೇ ಕರೆಯುತ್ತಾರೆ. ಸಾಗರಕ್ಕೆ ಹೋಗಬೇಕಾದರೆ ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಲಾಂಚ್ ಹತ್ತಬೇಕಿತ್ತು. ಲಾಂಚ್ ತಪ್ಪಿದರೆ ಕಾಡಿನ ದಾರಿಯಲ್ಲಿ ಬಳಸಿ ಹೋಗೋದು. 2025ರ ಜುಲೈ 14ಕ್ಕೆ ಸೇತುವೆ ತೆರೆಯಿತು. ಈಗ ಮೆಕ್ಯಾನಿಕ್ ಬೈಕಿನಲ್ಲೇ ಬರಬಹುದು. ಆದರೆ ಸೇತುವೆ ಆಯಿತು ಅಂತ ಮಳೆ ಕಮ್ಮಿ ಆಗಲಿಲ್ಲ, ಕರೆಂಟು ಹೋಗೋದು ನಿಲ್ಲಲಿಲ್ಲ, ಒಂಟಿ ಮನೆ ಹತ್ತಿರ ಬರಲಿಲ್ಲ. ಮುಖ್ಯ ರಸ್ತೆಯಿಂದ ಐದಾರು ಕಿಲೋಮೀಟರ್ ಮಣ್ಣಿನ ದಾರಿ ಇರುವ ಮನೆಗೆ ಜುಲೈನಲ್ಲಿ ಯಾರೂ ಬರೋದಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ಎಷ್ಟು ಚಾನೆಲ್ ಬೇಕು ಅಂತ ಅಲ್ಲ. ಮಳೆಗಾಲದ ಮಧ್ಯದಲ್ಲಿ ಕೆಟ್ಟರೆ ಯಾರು ಸರಿ ಮಾಡ್ತಾರೆ ಅಂತ. ಆಯ್ಕೆಯೆಲ್ಲ ಇದರ ಮೇಲೇ ನಿಲ್ಲಬೇಕು.

ಹಳೇ ಆಂಟೆನಾ ಇಳಿಸಿಬಿಡಿ

ಕೆಲವು ಮನೆಗಳಲ್ಲಿ ಇನ್ನೂ ಅಡಿಕೆ ಮರದ ಕಂಬದ ಮೇಲೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾ ನಿಂತಿದೆ. ರಾಮಾಯಣ, ಮಹಾಭಾರತದ ಕಾಲದ್ದು. ಭಾನುವಾರ ಬೆಳಿಗ್ಗೆ ಒಬ್ಬರು ಕಂಬ ತಿರುಗಿಸಬೇಕು, ಇನ್ನೊಬ್ಬರು ಜಗುಲಿಯಿಂದ "ಬಂತು, ಬಂತು, ಇಲ್ಲ ಹೋಯ್ತು" ಅಂತ ಕೂಗಬೇಕು. ಆ ಕಂಬದ ಮೇಲೆ ನನಗೂ ಪ್ರೀತಿ ಇದೆ. ಆದರೆ ದೂರದರ್ಶನ ತನ್ನ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಹೊತ್ತಿಗೆ ಬಹುತೇಕ ಮುಚ್ಚಿಬಿಟ್ಟಿದೆ. ನಮ್ಮ ಕಡೆ ಆ ಆಂಟೆನಾಗೆ ಹಿಡಿಯಲು ಏನೂ ಉಳಿದಿಲ್ಲ. ಹೊಸ ಬೂಸ್ಟರ್ ಹಾಕಿದರೆ ಬರುತ್ತೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಗುಡುಗು ಸಿಡಿಲಿನ ಕಾಲದಲ್ಲಿ ಎತ್ತರದ ಕಂಬದ ಮೇಲೆ ಲೋಹದ ಆಂಟೆನಾ ಸುಮ್ನೆ ನಿಂತಿರೋದೂ ಒಳ್ಳೆಯದಲ್ಲ.

ಕೇಬಲ್ ಮಾತೂ ಹಾಗೇ. ಪೇಟೆ ಪಕ್ಕದ ಮನೆಗಳಿಗೆ ಸರಿ. ತೋಟದ ನಡುವಿನ ಒಂದು ಮನೆಗೋಸ್ಕರ ಕಾಡಿನಲ್ಲಿ ತಂತಿ ಎಳೆಯುವವರು ಇಲ್ಲ. ಎಳೆದರೂ ಮೊದಲ ಮಳೆಗೆ ಕೊಂಬೆ ಬಿದ್ದು ಕಡಿದು ಹೋಗುತ್ತದೆ.

ಉಳಿಯೋದು ಮೂರು. ದೂರದರ್ಶನದ ಫ್ರೀ ಡಿಶ್, ತಿಂಗಳು ತಿಂಗಳು ದುಡ್ಡು ಕಟ್ಟುವ ಖಾಸಗಿ ಡಿಶ್, ಮತ್ತೆ ಇಂಟರ್ನೆಟ್.

ಮೊದಲು ಆಕಾಶ ನೋಡಿ

ಯಾವುದನ್ನು ಕೊಳ್ಳುವ ಮೊದಲೂ ಅಂಗಳಕ್ಕೆ ಬಂದು ಆಗ್ನೇಯಕ್ಕೆ ಮುಖ ಮಾಡಿ ನಿಲ್ಲಿ. ಹಳೇ ಮನೆಗಳಲ್ಲಿ ಅಡುಗೆಮನೆ ಇರುವ ಮೂಲೆ. ನಮಗೆ ಬೇಕಾದ ಉಪಗ್ರಹಗಳೆಲ್ಲ ಆಗ್ನೇಯದ ಆಚೀಚೆಯೇ ಇವೆ. ಆದರೆ ಎಲ್ಲ ಒಂದೇ ಎತ್ತರದಲ್ಲಿ ಇಲ್ಲ. ತೋಟದ ಮನೆಯವರಿಗೆ ಇದೇ ದೊಡ್ಡ ವ್ಯತ್ಯಾಸ. ಯಾವ ಕಂಪನಿಯ ಅಂಗಡಿಯವರೂ ಇದನ್ನು ಹೇಳೋದಿಲ್ಲ.

ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ತುಮರಿಯಿಂದ ನೋಡಿದರೆ ಅದು ನೆಲದಿಂದ ಸುಮಾರು 63 ಡಿಗ್ರಿ ಮೇಲೆ ಇದೆ. ಟಾಟಾ ಪ್ಲೇ 83 ಡಿಗ್ರಿಯದು. ಅದು ಇನ್ನೂ ಮೇಲೆ, ಸುಮಾರು 71 ಡಿಗ್ರಿ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಏರ್‌ಟೆಲ್ 108.2 ಡಿಗ್ರಿಯದು. ಅದು ಸುಮಾರು 48 ಡಿಗ್ರಿಯಲ್ಲಿ, ಪೂರ್ವದ ಕಡೆಗೆ ವಾಲಿಕೊಂಡು ಕೆಳಗಿದೆ.

ಮರದ ಲೆಕ್ಕಕ್ಕೆ ತಂದರೆ ಹೀಗೆ. ಡಿಶ್ಶಿಗಿಂತ 40 ಅಡಿ ಎತ್ತರದ ಅಡಿಕೆ ಮರ ಎದುರಿಗೆ ಇದೆ ಅಂತ ಇಟ್ಟುಕೊಳ್ಳಿ. 83 ಡಿಗ್ರಿಯದಕ್ಕೆ ಆ ಮರ 14 ಅಡಿ ದೂರ ಇದ್ದರೆ ಸಾಕು. ಫ್ರೀ ಡಿಶ್‌ಗೆ 20 ಅಡಿ ಬೇಕು. 108ರದಕ್ಕೆ 35 ಅಡಿ ಬೇಕು. ಅಂಗಳ ಚಿಕ್ಕದಿದ್ದು ಪೂರ್ವಕ್ಕೆ ತೋಟ ಒತ್ತಿಕೊಂಡಿದ್ದರೆ ಈ ಲೆಕ್ಕವೊಂದೇ ಸಾಕು, ಆಯ್ಕೆಯನ್ನು ಮುಗಿಸಿಬಿಡುತ್ತದೆ. ಅಡಿಕೆ ಸೋಗೆ, ತೆಂಗಿನ ಗರಿ ಒಣಗಿದ್ದಾಗ ಸ್ವಲ್ಪ ಸಿಗ್ನಲ್ ಬಿಡಬಹುದು. ಮಳೆಯಲ್ಲಿ ನೆನೆದ ಮೇಲೆ ಗೋಡೆ ಇದ್ದ ಹಾಗೆ.

ಅಳತೆ ಗಿಳತೆ ಬೇಡ ಅನ್ನುವವರಿಗೆ ಒಂದು ಸುಲಭದ ದಾರಿ ಇದೆ. ಮಾರ್ಚ್ ತಿಂಗಳ ನಡುವೆ, ಹದಿನಾಲ್ಕನೇ ತಾರೀಖಿನ ಆಸುಪಾಸು, ಬೆಳಿಗ್ಗೆ 11 ಗಂಟೆ ದಾಟಿ ಹತ್ತು ನಿಮಿಷದ ಹೊತ್ತಿಗೆ ನಮ್ಮ ಕಡೆ ಸೂರ್ಯ ಸರಿಯಾಗಿ ಜಿಸ್ಯಾಟ್-15 ಇರುವ ಜಾಗದಲ್ಲೇ ಇರುತ್ತಾನೆ. ಆ ಹೊತ್ತಿನಲ್ಲಿ ಅಂಗಳದಲ್ಲಿ ಎಲ್ಲಿ ಪೂರ್ತಿ ಬಿಸಿಲು ಬಿದ್ದಿದೆಯೋ ಅಲ್ಲಿ ಡಿಶ್ ಇಡಬಹುದು. ನೆರಳು ಬಿದ್ದಲ್ಲಿ ಇಡಬಾರದು. ಅಷ್ಟೇ. ಸೆಪ್ಟೆಂಬರ್ ಕೊನೆಗೆ 11ಕ್ಕೆ ಐದಾರು ನಿಮಿಷ ಇರುವಾಗ ಮತ್ತೆ ಇದೇ ಲೆಕ್ಕ. ನಾನು ಒಂದು ಕೋಲು ಹಿಡಿದು ಅಂಗಳ, ಕೊಟ್ಟಿಗೆ ಪಕ್ಕ, ಬಾವಿಕಟ್ಟೆ ಎಲ್ಲ ಓಡಾಡಿ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕುತ್ತೇನೆ. ಅಂದಹಾಗೆ, ಆ ಎರಡು ಕಾಲದಲ್ಲಿ ಕೆಲವು ದಿನ ಕೆಲವು ನಿಮಿಷ ಚಿತ್ರ ಒಡೆದು ಹೋದರೆ ಗಾಬರಿ ಬೇಡ. ಸೂರ್ಯ ಉಪಗ್ರಹದ ಹಿಂದೆ ಬಂದಿರುತ್ತಾನೆ. ತಾನಾಗೇ ಸರಿಹೋಗುತ್ತದೆ.

ಫ್ರೀ ಡಿಶ್ಶೋ, ದುಡ್ಡಿನ ಡಿಶ್ಶೋ

ಫ್ರೀ ಡಿಶ್ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಿನಲ್ಲಿ ಶುರುವಾಯಿತು. ಒಂದು ಸಲ ಡಿಶ್, ಬಾಕ್ಸ್, ಕೇಬಲ್ ಎಲ್ಲ ಸೇರಿ 2000 ರೂಪಾಯಿ ಆಸುಪಾಸು ಖರ್ಚು. ಆಮೇಲೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ, ಸುದ್ದಿ ಬರುತ್ತದೆ, ಹಿಂದಿ ಚಾನೆಲ್‌ಗಳು ರಾಶಿ ಬರುತ್ತವೆ, ಆಕಾಶವಾಣಿಯ ಬಾನುಲಿ ಕೇಂದ್ರಗಳೂ ಬರುತ್ತವೆ. ಬಾಕ್ಸ್ ಯಾವ ಕಂಪನಿಗೂ ಕಟ್ಟಿಹಾಕಿದ್ದಲ್ಲ. ಕೆಟ್ಟರೆ ಸಾಗರದ ಯಾವ ಅಂಗಡಿಯಿಂದಲೂ ಇನ್ನೊಂದು ತಂದು ಚುಚ್ಚಬಹುದು.

ಕೊರತೆ ಎಲ್ಲಿ ಅಂದರೆ ಕನ್ನಡದಲ್ಲಿ. ಸಂಜೆ ಏಳರಿಂದ ಹತ್ತರವರೆಗೆ ಮನೆಮನೆಯಲ್ಲಿ ನೋಡುವ ಧಾರಾವಾಹಿಗಳು ಬರೋದು ಹೆಚ್ಚಾಗಿ ದುಡ್ಡಿನ ಚಾನೆಲ್‌ಗಳಲ್ಲಿ. ಫ್ರೀ ಡಿಶ್ ನಂಬಿಕೊಂಡು ಅವನ್ನು ಕಾಯುತ್ತಾ ಕೂರಲು ಆಗೋದಿಲ್ಲ. ಖಾಸಗಿ ಚಾನೆಲ್‌ಗಳಿಗೆ ಜಾಗ ಹಂಚುವುದು ಹರಾಜಿನಲ್ಲಿ, ಹಾಗಾಗಿ ಏಪ್ರಿಲ್ ಹೊತ್ತಿಗೆ ಪಟ್ಟಿ ಬದಲಾಗುತ್ತದೆ. ಕೊಳ್ಳುವ ಮೊದಲು ಫ್ರೀ ಡಿಶ್ ಇರುವ ಪಕ್ಕದ ಮನೆಯಲ್ಲಿ ಒಂದು ಸಂಜೆ ಕೂತು ನೋಡಿ ಬನ್ನಿ. ಅಂಗಡಿಯವರ ಪಟ್ಟಿಗಿಂತ ಅದು ನಂಬಿಕೆಯದು.

ಖಾಸಗಿ ಡಿಶ್‌ನಲ್ಲಿ ಆ ಎಲ್ಲ ಕನ್ನಡ ಚಾನೆಲ್ ಸಿಗುತ್ತವೆ, ಚಂದನವೂ ಸಿಗುತ್ತದೆ. ಕನ್ನಡದ ಒಂದು ಸಾಧಾರಣ ಪ್ಯಾಕ್‌ಗೆ ತಿಂಗಳಿಗೆ 250ರಿಂದ 350 ರೂಪಾಯಿ ಇಟ್ಟುಕೊಳ್ಳಿ. ಐದು ವರ್ಷಕ್ಕೆ ಹದಿನೈದು ಸಾವಿರ ದಾಟುತ್ತದೆ. ದುಡ್ಡಿಗಿಂತ ದೊಡ್ಡ ತೊಂದರೆ ನಾನು ನೋಡಿದ್ದು ಬೇರೆ.

ನಮ್ಮ ಮನೆಯಿಂದ ಒಂದು ಗುಡ್ಡ ದಾಟಿದರೆ ದೊಡ್ಡಮ್ಮನ ಮನೆ. ಒಂದು ವರ್ಷ ಆಗಸ್ಟ್‌ನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಮೊಬೈಲ್ ಟವರ್ ಸತ್ತಿತ್ತು. ಐದನೇ ದಿನ ನಾನು ಹೋದಾಗ ದೊಡ್ಡಮ್ಮ ನೀಲಿ ಪರದೆ ಮುಂದೆ ಕೂತಿದ್ದರು. ಟಿವಿ ಸುಟ್ಟುಹೋಯಿತು ಅಂತ ತಿಳಿದುಕೊಂಡಿದ್ದರು. ಪರದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಪ್ಯಾಕ್ ಮುಗಿದಿದೆ, ರೀಚಾರ್ಜ್ ಮಾಡಿ ಅಂತ. ಮಗ ಬೆಂಗಳೂರಿನಿಂದ ಎರಡು ದಿನ ಮೊದಲೇ ದುಡ್ಡು ಕಟ್ಟಿದ್ದ. ಕರೆಂಟು ಇಲ್ಲದೆ ಬಾಕ್ಸ್ ಆರಿತ್ತು. ದುಡ್ಡು ಕಟ್ಟಿದ ಮೇಲೆ ಮೇಲಿಂದ ಬರುವ ಸಂದೇಶ ಬಾಕ್ಸ್‌ಗೆ ತಲುಪಿರಲೇ ಇಲ್ಲ. ನಾನು ಗುಡ್ಡದ ತುದಿಗೆ ಹೋಗಿ ಸಿಗ್ನಲ್ ಹುಡುಕಿ, ಅವನಿಗೆ ಫೋನ್ ಮಾಡಿ, ಅವನು ಮತ್ತೆ ಆ ಸಂದೇಶ ಕಳಿಸಿಸಿ, ನಾನು ಇಳಿದು ಬರುವಷ್ಟರಲ್ಲಿ ಕತ್ತಲಾಗಿತ್ತು. "ಯಾರದ್ದಾದ್ರೂ ದನಿ ಕೇಳಿ ನಾಲ್ಕು ದಿನ ಆಗಿತ್ತು ಮಾರಾಯ" ಅಂದರು ದೊಡ್ಡಮ್ಮ. ಆ ಮಾತು ನನ್ನಲ್ಲಿ ಹಾಗೇ ಉಳಿದಿದೆ.

ಅದಕ್ಕೇ ನನ್ನ ಅಭಿಪ್ರಾಯ ಖಡಾಖಂಡಿತ. ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ಮೊದಲು ಫ್ರೀ ಡಿಶ್ ಇರಲಿ. ಯಾರು ದುಡ್ಡು ಕಟ್ಟಲಿ ಬಿಡಲಿ, ಟವರ್ ಇರಲಿ ಇಲ್ಲದಿರಲಿ, ಕರೆಂಟು ಬಂದ ಕೂಡಲೇ ಮನೆಯಲ್ಲಿ ಒಂದು ಕನ್ನಡದ ದನಿ ಕೇಳಬೇಕು. ಧಾರಾವಾಹಿ ಬೇಕು ಅಂದರೆ ಅದರ ಜೊತೆಗೆ ಖಾಸಗಿ ಡಿಶ್ ಹಾಕಿಸಿ. ಎರಡು ಡಿಶ್ ಯಾಕೆ ಅಂತ ಕೇಳುವವರಿದ್ದಾರೆ. ಇನ್ವರ್ಟರ್ ಇದ್ದರೂ ನಾವು ಮನೆಯಲ್ಲಿ ಚಿಮಣಿ ದೀಪ ಇಟ್ಟುಕೊಂಡಿರೋದಿಲ್ವಾ, ಹಾಗೆ. ಖಾಸಗಿಯದನ್ನು ಹಾಕಿಸಿದವರು ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ, ಒಟ್ಟಿಗೆ ಆರು ತಿಂಗಳ ರೀಚಾರ್ಜ್ ಮಾಡಿಬಿಡಿ. ಬಾಕ್ಸ್ ಆನ್ ಇರುವಾಗಲೇ ಮಾಡಿ.

ಮಕ್ಕಳು, ಮೊಮ್ಮಕ್ಕಳು ತುಂಬಿದ ಮನೆಯ ಮಾತು ಬೇರೆ. ಮೊಬೈಲ್ ಹಿಡಿದು ರೀಚಾರ್ಜ್ ಮಾಡುವವರು, ರಿಮೋಟ್ ಗೊತ್ತಿರುವವರು ಮನೆಯಲ್ಲೇ ಇದ್ದರೆ ಖಾಸಗಿಯದೊಂದೇ ಸಾಕು. ಕೆಲಸದವರ ಮನೆ, ತೋಟದ ಮನೆ ಅಂತ ಎರಡು ಕಡೆ ಟಿವಿ ಇರುವವರಿಗೆ ಫ್ರೀ ಡಿಶ್ ಲಾಭ. ಎರಡು ಬಾಯಿಯ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಭಾಗ) ಹಾಕಿ ಒಂದೇ ಡಿಶ್‌ನಿಂದ ಎರಡು ಬಾಕ್ಸ್ ನಡೆಸಬಹುದು, ಎರಡನೆಯದಕ್ಕೆ ಬಾಡಿಗೆ ಇಲ್ಲ.

ಇಂಟರ್ನೆಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫೈಬರ್ ಬಂದಿರುವ ಮನೆಯವರು ಬಳಸಲಿ, ಚೆನ್ನಾಗೇ ಇರುತ್ತದೆ. ಪ್ರಸಾರ ಭಾರತಿಯದೇ ವೇವ್ಸ್ ಅನ್ನುವ ಆಪ್ 2024ರ ನವೆಂಬರ್‌ನಿಂದ ಇದೆ. ಆದರೆ ಒಂದು ಮರ ಬಿದ್ದರೆ ಕರೆಂಟು, ಫೈಬರ್, ಟವರ್ ಮೂರೂ ಒಟ್ಟಿಗೆ ಹೋಗುತ್ತವೆ. ಡಿಶ್‌ಗೆ ಬೇಕಾದ್ದು ಆಕಾಶ ಮತ್ತು ಒಂದು ಬ್ಯಾಟರಿ ಮಾತ್ರ. ಇಂಟರ್ನೆಟ್ಟನ್ನು ಮೇಲೋಗರ ಅಂತ ಇಟ್ಟುಕೊಳ್ಳಿ, ಅನ್ನ ಅಂತ ಅಲ್ಲ.

ಮಳೆ, ಮತ್ತೆ ಡಿಶ್ಶಿನ ಅಳತೆ

"ಮೋಡ ಆದ್ರೆ ಡಿಶ್ ಹೋಗುತ್ತೆ" ಅನ್ನೋದು ಅರ್ಧ ಸತ್ಯ. ಮೋಡಕ್ಕೆ, ಸಣ್ಣ ಜಿಟಿಜಿಟಿ ಮಳೆಗೆ ಹೋಗಬಾರದು. ಹೋದರೆ ಡಿಶ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಎದುರಿನ ಗುಡ್ಡ ಕಾಣದ ಹಾಗೆ ಸುರಿಯುವ ಮಳೆಯಲ್ಲಿ ಮಾತ್ರ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಅದನ್ನು ಯಾರೂ ಪೂರ್ತಿ ತಪ್ಪಿಸಲು ಆಗೋದಿಲ್ಲ. ಈ ಸಿಗ್ನಲ್ಲಿನ ಅಲೆ ತುಂಬಾ ಸಣ್ಣದು, ಮೂರು ಸೆಂಟಿಮೀಟರ್ ಕೂಡ ಇಲ್ಲ. ದಪ್ಪ ಹನಿಗಳು ಅದನ್ನು ನುಂಗಿಬಿಡುತ್ತವೆ. ಹಿಂದೆ ಕೆಲವು ಮನೆಗಳ ಅಂಗಳದಲ್ಲಿ ಇದ್ದ ಎಂಟು ಹತ್ತು ಅಡಿಯ ಜಾಲರಿ ಡಿಶ್ ಸಿ-ಬ್ಯಾಂಡಿನದು. ಅದರ ಅಲೆ ದೊಡ್ಡದು, ಯಾವ ಮಳೆಗೂ ಜಗ್ಗುತ್ತಿರಲಿಲ್ಲ. ಈಗಲೂ ಚಂದನ ಅದರಲ್ಲಿ ಬರುತ್ತದೆ. ಗಟ್ಟಿಯಾಗಿರುವ ಹಳೇ ಡಿಶ್ ಇದ್ದವರು ಗುಜರಿಗೆ ಹಾಕಬೇಡಿ. ಹೊಸದಾಗಿ ಹಾಕಿಸುವಷ್ಟು ಪ್ರಯೋಜನ ಮಾತ್ರ ಇಲ್ಲ.

ಕಂಪನಿಯವರು, ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಎರಡು ಅಡಿಯ, ಅಂದರೆ 60 ಸೆಂಟಿಮೀಟರ್ ಡಿಶ್. ನಮ್ಮ ಮಳೆಗೆ ಅದು ಚಿಕ್ಕದು. ಮೂರು ಅಡಿಯದು, 90 ಸೆಂಟಿಮೀಟರ್, ಕೇಳಿ ತನ್ನಿ. ಅಗಲ ಒಂದೂವರೆ ಪಟ್ಟು, ಆದರೆ ಹಿಡಿಯುವ ಜಾಗ ಎರಡೂಕಾಲು ಪಟ್ಟು. ಮಳೆಗಾಲದಲ್ಲಿ ಚಿತ್ರ ಹೋಗುವ ಹೊತ್ತು ಕಣ್ಣಿಗೆ ಕಾಣುವಷ್ಟು ಕಮ್ಮಿ ಆಗುತ್ತದೆ. ನಮ್ಮ ಮನೆಯಲ್ಲಿ ಬದಲಾಯಿಸಿದ ಮೊದಲ ಆಷಾಢದಲ್ಲೇ ಗೊತ್ತಾಯಿತು.

ಆದರೆ ದೊಡ್ಡ ಡಿಶ್‌ಗೆ ಗಾಳಿ ಜಾಸ್ತಿ ಹಿಡಿಯುತ್ತದೆ, ಗುರಿಯೂ ಇನ್ನಷ್ಟು ಸೂಕ್ಷ್ಮ. ಚಿಕ್ಕ ಡಿಶ್ಶೇ ಒಂದೂವರೆ ಡಿಗ್ರಿ ಸರಿದರೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ದೊಡ್ಡದಕ್ಕೆ ಒಂದು ಡಿಗ್ರಿ ಸಾಕು. ಹಂಚಿನ ಮಾಡಿನ ಸೂರಿಗೆ, ಮರದ ರೀಪಿಗೆ ಅದನ್ನು ಮೊಳೆ ಹೊಡೆದು ನಿಲ್ಲಿಸಿದರೆ ಪ್ರಯೋಜನ ಇಲ್ಲ. ಒಮ್ಮೆ ನಮ್ಮ ಮನೆಗೆ ಬಂದವರೂ ಹಾಗೇ ಮಾಡಿ ಹೋಗಿದ್ದರು. ಮಾರ್ಚ್ ತಿಂಗಳು, ಚಿತ್ರ ಚೆನ್ನಾಗಿ ಬಂತು, ಸಹಿ ಹಾಕಿಸಿಕೊಂಡು ಹೋದರು. ಜೂನ್ ಮೊದಲ ಗಾಳಿಗೆ ಸೂರು ಅಲುಗಿತು, ಚಿತ್ರ ಹೋಯಿತು. ಹಂಚಿನ ಮೇಲೆ ಪಾಚಿ ಕಟ್ಟಿತ್ತು, ಹತ್ತಲೂ ಆಗಲಿಲ್ಲ. ಅಕ್ಟೋಬರ್‌ವರೆಗೆ ಕಾದೆವು.

ಆಮೇಲೆ ನಾನು ಕಲಿತದ್ದು ಇದು. ಡಿಶ್ ನೆಲದ ಮೇಲೆ ಇರಲಿ. ಒಂದೂವರೆ ಎರಡು ಇಂಚಿನ ಜಿಐ ಪೈಪು, ಎರಡು ಅಡಿ ಆಳದ ಗುಂಡಿ, ಕಾಂಕ್ರೀಟು, ಮೇಲೆ ಎದೆಮಟ್ಟ. ಪೈಪ್ ನೆಟ್ಟಗೆ ನಿಂತಿದೆಯಾ ಅಂತ ಗಾರೆಯವರ ತೂಗುಗುಂಡು ಹಿಡಿದು ನೋಡಿ. ಎತ್ತರ ಇದ್ದಷ್ಟು ಸಿಗ್ನಲ್ ಒಳ್ಳೇದು ಅನ್ನೋದು ಹಳೇ ಆಂಟೆನಾದ ಬುದ್ಧಿ. ಉಪಗ್ರಹ 36,000 ಕಿಲೋಮೀಟರ್ ಮೇಲಿದೆ. ಹತ್ತು ಅಡಿ ಹತ್ತಿದರೆ ಅದೇನೂ ಹತ್ತಿರ ಆಗೋದಿಲ್ಲ. ನೆಲದ ಮೇಲಿದ್ದರೆ ಅಮ್ಮನೇ ಬೇಕಾದರೆ ಬಟ್ಟೆ ಹಿಡಿದು ಪಾಚಿ ಒರೆಸಬಹುದು. ಮಂಗಗಳ ಕಾಟವೂ ಕಮ್ಮಿ. ಮಾಡಿನ ಮೇಲಿನ ಡಿಶ್ ಅವಕ್ಕೆ ಕೂರುವ ಮಣೆ ಇದ್ದ ಹಾಗೆ. ದನ ಬಂದು ಮೈ ಉಜ್ಜದಂತೆ ಸುತ್ತ ಒಂದು ಬೇಲಿ ಮಾತ್ರ ಬೇಕು.

ಕೂರಿಸುವಾಗ ಪಕ್ಕದಲ್ಲೇ ನಿಂತು ನೋಡಬೇಕಾದ್ದು

ಬಾಕ್ಸ್‌ನ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂಗ್ತ್ ಮತ್ತು ಕ್ವಾಲಿಟಿ. ಸ್ಟ್ರೆಂಗ್ತ್ ಏರಿದರೆ ಖುಷಿಪಡಬೇಡಿ. ಕ್ವಾಲಿಟಿ ಎಷ್ಟು ಏರುತ್ತೋ ಅಷ್ಟಕ್ಕೆ ಏರಿಸಿಸಿ. ಹಳೇ ಕಾಲದ ಟಿವಿಯಲ್ಲಿ ಸಿಗ್ನಲ್ ಕಮ್ಮಿ ಆದರೆ ಚಿತ್ರ ಮಸುಕಾಗುತ್ತಿತ್ತು. ಈಗಿನದು ಹಾಗಲ್ಲ. ಕೊನೇ ಗಳಿಗೆಯವರೆಗೂ ಕನ್ನಡಿಯ ಹಾಗೆ ಇದ್ದು, ಒಮ್ಮೆಲೇ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಚಿತ್ರ ಚೆನ್ನಾಗಿದೆ ಅನ್ನೋದು ಮಳೆಗಾಲಕ್ಕೆ ಖಾತ್ರಿ ಅಲ್ಲ.

ಇನ್ನೊಂದು, ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿ ತಿರುಚಬೇಕು. ಜಿಸ್ಯಾಟ್-15ಕ್ಕೆ ನಮ್ಮ ಕಡೆ ಈ ತಿರುವು 50 ಡಿಗ್ರಿ ಆಸುಪಾಸು ಬರುತ್ತದೆ. ತುಂಬಾ ಜಾಸ್ತಿ. ಅವಸರದಲ್ಲಿ ಬಂದವರು ನೆಟ್ಟಗೆ ಸಿಕ್ಕಿಸಿ ಹೋಗುತ್ತಾರೆ. ಸ್ಕ್ರೂ ಸಡಿಲ ಮಾಡಿ, ನಿಧಾನ ತಿರುಗಿಸಿ, ಕ್ವಾಲಿಟಿ ಏರುವುದನ್ನು ನೋಡಿ ಬಿಗಿ ಮಾಡಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಮಳೆಯ ತೊಂದರೆ ಅರ್ಧ ಹೋಗಿದೆ.

ಕೇಬಲ್ ಎಲ್‌ಎನ್‌ಬಿಗೆ ಸೇರುವ ಜಾಗಕ್ಕೆ ನೀರು ಹೋಗಬಾರದು. ಎಳೆದರೆ ಹಿಗ್ಗುವ ರಬ್ಬರ್ ಟೇಪ್ ಸುತ್ತಿ. ಮಾಮೂಲಿ ಕರೆಂಟು ಟೇಪು ನಮ್ಮ ಒಂದು ಮಳೆಗಾಲ ತಡೆಯೋದಿಲ್ಲ. ಮನೆಯೊಳಗೆ ಹೋಗುವ ಮುಂಚೆ ಕೇಬಲ್ ಒಮ್ಮೆ ಕೆಳಗೆ ಜೋತು ಮೇಲೆ ಹೋಗಲಿ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರೋದಿಲ್ಲ. ಎಲ್‌ಎನ್‌ಬಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟಿದೆಯಾ, ಕಣಜ ಮಣ್ಣಿನ ಗೂಡು ಕಟ್ಟಿದೆಯಾ ಅಂತ ಮೇ ತಿಂಗಳಲ್ಲಿ ಅಡಿಕೆಗೆ ಕೊಟ್ಟೆ ಕಟ್ಟುವ ಹೊತ್ತಿಗೇ ಒಮ್ಮೆ ನೋಡಿಬಿಡಿ.

ಸಿಡಿಲಿನ ಮಾತು. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳುವ ಮುಂಚೆಯೇ, ಮೋಡ ಕಪ್ಪಾದ ಕೂಡಲೇ, ಪ್ಲಗ್ ಕೀಳಿ. ಪ್ಲಗ್ ಮಾತ್ರ ಕಿತ್ತರೆ ಸಾಲದು. ಬಾಕ್ಸ್ ಹಿಂದಿನ ಡಿಶ್ ಕೇಬಲ್ಲನ್ನೂ ತಿರುಗಿಸಿ ಬಿಚ್ಚಿ ಪಕ್ಕಕ್ಕಿಡಿ. ನಮ್ಮೂರಿನಲ್ಲಿ ಸುಟ್ಟ ಬಾಕ್ಸ್‌ಗಳಲ್ಲಿ ಹೆಚ್ಚಿನವು ಪ್ಲಗ್ ಕಿತ್ತು ಕೇಬಲ್ ಬಿಟ್ಟವರದೇ. ಡಿಶ್ ನಿಂತ ಪೈಪಿಗೆ ಅರ್ಥಿಂಗ್ ಕೊಡಿಸಿ.

ಕರೆಂಟಿಗೆ ಒಂದು ಉಪಾಯ. ಹೆಚ್ಚಿನ ಫ್ರೀ ಡಿಶ್ ಬಾಕ್ಸ್‌ಗಳು 12 ವೋಲ್ಟ್ ಅಡಾಪ್ಟರ್ ಮೇಲೆ ನಡೆಯುತ್ತವೆ. 12 ವೋಲ್ಟಿನ 24 ಇಂಚಿನ ಎಲ್‌ಇಡಿ ಟಿವಿಯೂ ಸಿಗುತ್ತದೆ. ಎರಡೂ ಸೇರಿ 40 ವ್ಯಾಟ್ ಆಸುಪಾಸು. ಸೋಲಾರ್ ದೀಪಕ್ಕೆ ಇಟ್ಟ 40 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಐದಾರು ಗಂಟೆ ನೋಡಬಹುದು. ದೊಡ್ಡಮ್ಮನ ಮನೆಗೆ ಮುಂದಿನ ವರ್ಷ ನಾವು ಹಾಕಿಸಿದ್ದು ಇದನ್ನೇ. ಕೊಟ್ಟಿಗೆ ಪಕ್ಕದಲ್ಲಿ 90 ಸೆಂಟಿಮೀಟರ್ ಡಿಶ್, ಫ್ರೀ ಡಿಶ್ ಬಾಕ್ಸ್, ಬ್ಯಾಟರಿ ಟಿವಿ. ಖಾಸಗಿಯದೂ ಪಕ್ಕದಲ್ಲೇ ಇದೆ, ಅವರ ಸಂಜೆಯ ಧಾರಾವಾಹಿಗೆ.

ಬಾಕ್ಸ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ದೊಡ್ಡ ಅಕ್ಷರದಲ್ಲಿ, ಪ್ಲಾಸ್ಟಿಕ್ ಹೊದಿಸಿ. ಬಾಕ್ಸ್‌ನ ಮೆನುವಿನಲ್ಲಿ ತುಂಬಬೇಕಾದ ಸೆಟ್ಟಿಂಗ್ ಅದರಲ್ಲಿದೆ. 93.5 ಪೂರ್ವ, ಎಲ್‌ಎನ್‌ಬಿ 9750/10600, ವರ್ಟಿಕಲ್, ಸಿಂಬಲ್ ರೇಟ್ 29500. ಅದರ ಕೆಳಗೆ, ಏಪ್ರಿಲ್‌ನಲ್ಲಿ ಚಾನೆಲ್ ಕಾಣೆಯಾದರೆ ರಿಮೋಟಿನಲ್ಲಿ ಯಾವ ಗುಂಡಿಗಳನ್ನು ಯಾವ ಸಾಲಿನಲ್ಲಿ ಒತ್ತಿ ಮತ್ತೆ ಹುಡುಕಿಸಬೇಕು ಅಂತ ಬಣ್ಣದ ಚುಕ್ಕಿ ಇಟ್ಟು ಬರೆದಿದ್ದೇನೆ. ಒಂದು ಹೆಚ್ಚುವರಿ ಎಲ್‌ಎನ್‌ಬಿ ಮತ್ತು ಟೇಪು ಅಡಿಕೆ ಡಬ್ಬಿಯ ಪಕ್ಕದ ಗೂಡಿನಲ್ಲಿ ಇಟ್ಟಿದೆ.